‘ಮನೆ ಇವ್ಯಾಕ್ಯುಯೇಟ್ ಮಾಡಿ’ ಅಂದರೆ ಬಾಡಿಗೆಯವರು ಯಾಕೆ ಗಾಬರಿ ಬೀಳುತ್ತಾರೆ? ಈ ಪದ ಬಳಸೋದು ಹೇಗೆ

ಬಸವನಗುಡಿಯಲ್ಲಿ ನಮ್ಮ ಬೀದಿಯ ಮನೆ ಓನರ್ ಒಬ್ಬರು ಕಳೆದ ವರ್ಷ ಒಂದು ಭಾನುವಾರ ಬೆಳಿಗ್ಗೆ ಫೋನ್ ಹಿಡಿದುಕೊಂಡು ಬಂದರು. ‘ಸಾರ್, ಈ ಹುಡುಗ ಯಾಕೆ ಹಿಂಗೆ ಕೇಳ್ತಿದ್ದಾನೆ ನೋಡಿ’ ಅಂದರು. ಮೇಲಿನ ಮನೆಯ ಬಾಡಿಗೆ ಹುಡುಗನಿಗೆ ಅವರು ವಾಟ್ಸಾಪ್‌ನಲ್ಲಿ ಹಾಕಿದ್ದ ಇಂಗ್ಲಿಷ್ ಮೆಸೇಜು ಇಷ್ಟೇ: ‘ಪ್ಲೀಸ್ ಇವ್ಯಾಕ್ಯುಯೇಟ್ ದ ಹೌಸ್.’ ಅದಕ್ಕೆ ಆ ಹುಡುಗನ ಉತ್ತರ: ‘ಅಂಕಲ್, ಈಸ್ ದೇರ್ ಎ ಗ್ಯಾಸ್ ಲೀಕ್?’

ಓನರಿಗೆ ಬೇಕಾಗಿದ್ದು ‘ವೆಕೇಟ್’. ಬರೆದಿದ್ದು ‘ಇವ್ಯಾಕ್ಯುಯೇಟ್’. ಎರಡರ ನಡುವೆ ಒಂದು ಬೆಂಕಿಯೋ ಪ್ರವಾಹವೋ, ಕಡೇಪಕ್ಷ ಒಂದು ಬಾಂಬ್ ಬೆದರಿಕೆಯೋ ಬೇಕು.

ಅವರನ್ನು ನೋಡಿ ನಗಬೇಡಿ. ನಾನು ಕಂಪನಿಗಳ ನೋಟಿಸು, ಸೇಫ್ಟಿ ಬೋರ್ಡು, ಮೆಷಿನ್ನಿನ ಮ್ಯಾನ್ಯುಯಲ್ಲು ಅಂತ ಇಂಗ್ಲಿಷ್‌ನಿಂದ ಕನ್ನಡಕ್ಕೆ ತಂದು ಹೊಟ್ಟೆ ಹೊರೆಯುವವನು, ನಾನೇ ಈ ಪದದಲ್ಲಿ ಎರಡು ಸಲ ಎಡವಿದ್ದೇನೆ. ನಮ್ಮ ಕಷ್ಟ ಏನಂದರೆ ‘ಖಾಲಿ ಮಾಡು’ ಅನ್ನುವ ಒಂದೇ ಮಾತಿನಲ್ಲಿ ನಮ್ಮ ಎಲ್ಲಾ ಕೆಲಸ ನಡೆದುಹೋಗುತ್ತದೆ. ತಟ್ಟೆ ಖಾಲಿ ಮಾಡು. ಸಂಪ್ ಖಾಲಿ ಮಾಡು. ಮನೆ ಖಾಲಿ ಮಾಡು. ಜಗಳ ಜೋರಾದರೆ ‘ಮೊದಲು ಇಲ್ಲಿಂದ ಜಾಗ ಖಾಲಿ ಮಾಡು’. ಇಂಗ್ಲಿಷ್‌ನಲ್ಲಿ ಇದರಲ್ಲಿ ಒಂದೊಂದಕ್ಕೂ ಬೇರೆ ಪದ, ಮತ್ತೆ ಆ ಪದಗಳೆಲ್ಲ ಒಂದೇ ಥರ ಕೇಳಿಸುತ್ತವೆ, ಅದೇ ತಲೆನೋವು.

ಮೊದಲು ಬೇರು ನೋಡೋಣ, ಇಲ್ಲಿ ಅದು ನಿಜವಾಗಿ ಕೆಲಸಕ್ಕೆ ಬರುತ್ತದೆ. ಲ್ಯಾಟಿನ್‌ನಲ್ಲಿ ‘ವ್ಯಾಕುಅಸ್’ ಅಂದರೆ ಖಾಲಿ. ವ್ಯಾಕ್ಯೂಮ್, ವೇಕೆಂಟ್, ವೆಕೇಟ್, ಕೊನೆಗೆ ಮಕ್ಕಳ ವೆಕೇಷನ್ ಕೂಡ ಇದೇ ಮನೆತನದ್ದು. ಇವ್ಯಾಕ್ಯುಯೇಟ್‌ನ ಮುಂದಿರುವ ‘ಇ’ ಅಂದರೆ ಹೊರಗೆ. ಅಲ್ಲಿಗೆ ಪೂರ್ತಿ ಅರ್ಥ ‘ಒಳಗಿರುವುದನ್ನು ಹೊರಗೆ ಹಾಕಿ ಖಾಲಿ ಮಾಡು’. ಹಾಗಾಗಿ ಈ ಪದ ಎಲ್ಲಿ ಎದುರಾದರೂ ಎರಡು ಪ್ರಶ್ನೆ ಕೇಳಿ: ಖಾಲಿ ಆಗುತ್ತಿರುವುದು ಯಾವುದು? ಹೊರಗೆ ಬರುತ್ತಿರುವುದು ಏನು? ಕಟ್ಟಡ ಖಾಲಿ, ಜನ ಹೊರಗೆ. ಹೊಟ್ಟೆ ಖಾಲಿ, ಮಲ ಹೊರಗೆ. ಗಾಜಿನ ಕೊಳವೆ ಖಾಲಿ, ಗಾಳಿ ಹೊರಗೆ. ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಜಾಸ್ತಿ ಕೇಳುವುದು ಜನ ಹೊರಗೆ ಬರುವ ಅರ್ಥವೇ. ಇದರಲ್ಲಿ ಅಪಾಯ ಇರಬೇಕು, ಅವಸರ ಇರಬೇಕು. 2022ರ ಸೆಪ್ಟೆಂಬರ್ ಮಳೆ ನೆನಪಿದೆ ಅಲ್ವಾ? ಬೆಳ್ಳಂದೂರು, ಯಮಲೂರು ಕಡೆ ಕೋಟಿ ಕೋಟಿ ಬೆಲೆಯ ವಿಲ್ಲಾಗಳ ಒಳಗೆ ನೀರು ನುಗ್ಗಿತ್ತು. ಲ್ಯಾಪ್‌ಟಾಪ್ ಬ್ಯಾಗು ತಲೆ ಮೇಲೆ ಇಟ್ಟುಕೊಂಡ ಜನ ಟ್ರ್ಯಾಕ್ಟರ್ ಹತ್ತಿ, ರಬ್ಬರ್ ದೋಣಿ ಹತ್ತಿ ಹೊರಗೆ ಬಂದರು. ಆಗ ಇಂಗ್ಲಿಷ್ ಪೇಪರಿನ ತುಂಬಾ ಇದೇ ಪದ. ಅದನ್ನು ಮೂರು ಥರ ಬರೆಯಬಹುದು, ಮೂರೂ ಸರಿ. ಜಾಗವನ್ನು ಮುಂದಿಟ್ಟು ‘ದೇ ಇವ್ಯಾಕ್ಯುಯೇಟೆಡ್ ದ ಲೇಔಟ್’. ಜನರನ್ನು ಮುಂದಿಟ್ಟು ‘ದೇ ಇವ್ಯಾಕ್ಯುಯೇಟೆಡ್ ದ ರೆಸಿಡೆಂಟ್ಸ್ ಫ್ರಮ್ ದ ಲೇಔಟ್’. ಇಲ್ಲವೇ ಜನ ತಾವೇ ಹೊರಟಿದ್ದಾದರೆ ಸುಮ್ನೆ ‘ದ ರೆಸಿಡೆಂಟ್ಸ್ ಇವ್ಯಾಕ್ಯುಯೇಟೆಡ್’. ಎಲ್ಲಿಂದ ಅನ್ನುವುದಕ್ಕೆ ‘ಫ್ರಮ್’, ಎಲ್ಲಿಗೆ ಅನ್ನುವುದಕ್ಕೆ ‘ಟು’. ‘ಇವ್ಯಾಕ್ಯುಯೇಟ್ ಔಟ್’ ಅಂತ ಬರೆಯಬೇಡಿ, ಹೊರಗೆ ಅನ್ನುವುದು ಆ ‘ಇ’ ಒಳಗೇ ಇದೆ. ನಾವು ‘ಗೇಟು ಬಾಗಿಲು’ ಅಂದ ಹಾಗಾಗುತ್ತದೆ.

ಎರಡನೇ ರೂಪದ ಮೇಲೆ ಹಳೇ ಕಾಲದ ಇಂಗ್ಲಿಷ್ ಎಡಿಟರುಗಳು ದೊಡ್ಡ ಜಗಳ ತೆಗೆಯುತ್ತಿದ್ದರು. ಕಟ್ಟಡವನ್ನು ಖಾಲಿ ಮಾಡಬಹುದು, ಮನುಷ್ಯನನ್ನು ಖಾಲಿ ಮಾಡುವುದು ಅಂದರೆ ಎನಿಮಾ ಕೊಟ್ಟ ಹಾಗೆ, ಅದಕ್ಕೇ ‘ಜನರನ್ನು ಇವ್ಯಾಕ್ಯುಯೇಟ್ ಮಾಡಿದರು’ ಅಂತ ಬರೆಯಕೂಡದು ಅನ್ನುವುದು ಅವರ ವಾದ. ತಮಾಷೆಗೆ ಚೆನ್ನಾಗಿದೆ. ಆದರೆ ಇವತ್ತಿನ ಡಿಕ್ಷನರಿಗಳೆಲ್ಲ ಎರಡನ್ನೂ ಒಪ್ಪುತ್ತವೆ, ನೀವು ಧೈರ್ಯವಾಗಿ ಬರೆಯಿರಿ. ಯಾರಾದರೂ ತಿದ್ದಲು ಬಂದರೆ ಒಂದು ಸಂಗತಿ ಹೇಳಿ: 1939ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಬಾಂಬಿನ ಭಯಕ್ಕೆ ಲಂಡನ್ ಮತ್ತಿತರ ನಗರಗಳ ಮಕ್ಕಳನ್ನು, ತಾಯಂದಿರನ್ನು ರೈಲು ಹತ್ತಿಸಿ ಹಳ್ಳಿಗಳಿಗೆ ಕಳಿಸಿತು, ಮೊದಲ ಕೆಲವೇ ದಿನದಲ್ಲಿ ಸುಮಾರು 15 ಲಕ್ಷ ಜನ. ಅವರನ್ನೆಲ್ಲ ಅಲ್ಲಿನವರು ಕರೆದಿದ್ದೇ ‘ಇವ್ಯಾಕ್ಯುಯೀ’ ಅಂತ. ಮರು ವರ್ಷ, 1940ರ ಮೇ ಕೊನೆ ಮತ್ತು ಜೂನ್ ಮೊದಲಲ್ಲಿ, ಫ್ರಾನ್ಸ್‌ನ ಡನ್‌ಕರ್ಕ್ ತೀರದಿಂದ 3,38,000 ಸೈನಿಕರನ್ನು ಹಡಗು, ದೋಣಿ ಅಂತ ಸಿಕ್ಕಿದ್ದರಲ್ಲಿ ದಾಟಿಸಿದರು. ಇಂಗ್ಲಿಷ್‌ನವರೇ ಅಷ್ಟು ಜನರನ್ನು ಇವ್ಯಾಕ್ಯುಯೇಟ್ ಮಾಡಿದ್ದಾರೆ, ನಮಗೇನು?

ಈಗ ಬಾಡಿಗೆ ಮನೆಗೆ ವಾಪಸ್ ಬರೋಣ, ಬೆಂಗಳೂರಿನಲ್ಲಿ ದಿನಾ ಎಡವುವುದು ಇಲ್ಲೇ. 11 ತಿಂಗಳ ಅಗ್ರಿಮೆಂಟ್ ಮುಗೀತು, ನೋಟಿಸ್ ಪೀರಿಯಡ್ ಆಯ್ತು, ಅಡ್ವಾನ್ಸಿನಲ್ಲಿ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು, ಸಾಮಾನು ಟೆಂಪೋಗೆ ಹಾಕಿಕೊಂಡು ಹೊರಟಿರಿ. ಇದು ‘ವೆಕೇಟ್’. ಬೀಗದ ಕೈ ಕೊಟ್ಟು ನೆಮ್ಮದಿಯಾಗಿ ಹೋಗುವುದು. ನೀವು ಹೋಗಲಿಲ್ಲ, ಓನರ್ ಕೋರ್ಟಿಗೆ ಹೋದರು, ಆದೇಶ ತಂದು ಎಬ್ಬಿಸಿದರು. ಇದು ‘ಇವಿಕ್ಟ್’. ಇದಕ್ಕೆ ನಮ್ಮಲ್ಲಿ ಎಷ್ಟು ಒಳ್ಳೆ ಮಾತಿದೆ ನೋಡಿ, ‘ಒಕ್ಕಲೆಬ್ಬಿಸು’. ಇನ್ನು ಕೆಳಗಿನ ಮನೆಯಲ್ಲಿ ಸಿಲಿಂಡರ್ ಸೋರಿ, ಚಪ್ಪಲಿ ಹಾಕಿಕೊಳ್ಳಲೂ ಪುರುಸೊತ್ತಿಲ್ಲದೆ, ಒಲೆ ಆರಿಸಿ ಇಳಿದು ಓಡಿದಿರಿ. ಇದು ‘ಇವ್ಯಾಕ್ಯುಯೇಟ್’. ವೆಕೇಟ್ ಮಾಡಿದವರು ವಾಪಸ್ ಬರುವುದಿಲ್ಲ, ಇವಿಕ್ಟ್ ಆದವರನ್ನು ಬರಗೊಡುವುದಿಲ್ಲ, ಇವ್ಯಾಕ್ಯುಯೇಟ್ ಆದವರು ಅಪಾಯ ಕಳೆದ ಮೇಲೆ ಸಾಮಾನ್ಯವಾಗಿ ಮನೆಗೆ ಮರಳುತ್ತಾರೆ. ನಾನು ನೆನಪಿಟ್ಟುಕೊಂಡಿರುವುದು ಹೀಗೆ. ಇದೇ ಸಾಲಿನಲ್ಲಿ ‘ಎಕ್ಸ್‌ಕವೇಟ್’ ಅಂತ ಇನ್ನೊಂದಿದೆ, ಅದು ಅಗೆಯುವುದು. ಒಂದು ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ‘ಎಲ್ಲರೂ ಕೂಡಲೇ ಬಿಲ್ಡಿಂಗ್ ಎಕ್ಸ್‌ಕವೇಟ್ ಮಾಡಿ’ ಅಂತ ಬಂದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಯಾರೂ ಗುದ್ದಲಿ ತರಲಿಲ್ಲ, ಪುಣ್ಯ.

‘ರೆಸ್ಕ್ಯೂ’ ಜೊತೆ ಕೂಡ ಇದನ್ನು ಬೆರೆಸಬೇಡಿ. ನೀರು ಬರುವ ಮುಂಚೆ ಹೊರಡಿಸಿದರೆ ಇವ್ಯಾಕ್ಯುಯೇಟ್, ಬಂದು ಸಿಕ್ಕಿಹಾಕಿಕೊಂಡ ಮೇಲೆ ಎತ್ತಿದರೆ ರೆಸ್ಕ್ಯೂ. ಪತ್ರಿಕೆಯವರು ಎರಡನ್ನೂ ಕಲಸುತ್ತಾರೆ, ನಾನು ಮೇಲೆ ಹೇಳಿದ ಬೆಳ್ಳಂದೂರಿನ ಟ್ರ್ಯಾಕ್ಟರಿನಲ್ಲೂ ಎರಡೂ ಕಲಸಿತ್ತು ಅನ್ನಿ. ಆದರೆ ವ್ಯತ್ಯಾಸ ಸಣ್ಣದಲ್ಲ. ಒಡಿಶಾ ಇದಕ್ಕೆ ಒಳ್ಳೆ ಉದಾಹರಣೆ. 1999ರ ಚಂಡಮಾರುತದಲ್ಲಿ ಅಲ್ಲಿ ಹತ್ತು ಸಾವಿರದಷ್ಟು ಜನ ಸತ್ತರು. 2019ರಲ್ಲಿ ಫೋನಿ ಬರುವ ಮುಂಚೆಯೇ ಸುಮಾರು 12 ಲಕ್ಷ ಜನರನ್ನು ಆಶ್ರಯ ಕಟ್ಟಡಗಳಿಗೆ ಸೇರಿಸಿಬಿಟ್ಟಿದ್ದರು, ಸಾವು ನೂರರ ಒಳಗೇ ನಿಂತಿತು. ಇದು ಇವ್ಯಾಕ್ಯುಯೇಷನ್.

‘ಏರ್‌ಲಿಫ್ಟ್’ ಅಂದರೆ ವಿಮಾನದಲ್ಲಿ ತಂದಿದ್ದು ಮಾತ್ರ. 1990ರಲ್ಲಿ ಕುವೈತ್ ಕಡೆಯಿಂದ ಸುಮಾರು 1,70,000 ಭಾರತೀಯರನ್ನು ತಂದಿದ್ದಕ್ಕೆ ಆ ಪದ ಸರಿ. ಆದರೆ 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ, ಗಿಡಮೂಲಿಕೆ ಎಣ್ಣೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಹಾಕಿಕೊಂಡರಲ್ಲ, ಆಗ ‘ಆಪರೇಷನ್ ಕಾವೇರಿ’ಯಲ್ಲಿ ಮೊದಲು ಪೋರ್ಟ್ ಸುಡಾನ್‌ನಿಂದ ನೌಕಾಪಡೆಯ ಹಡಗಿನಲ್ಲಿ ಜೆಡ್ಡಾಗೆ ಕರೆತಂದು, ಅಲ್ಲಿಂದ ವಿಮಾನ ಹತ್ತಿಸಿದರು. ಅಲ್ಲಿ ‘ಇವ್ಯಾಕ್ಯುಯೇಟ್’ ಬೇಕು. ಹಡಗು, ಬಸ್ಸು, ಕಾಲ್ನಡಿಗೆ, ಯಾವುದಾದರೂ ಅದಕ್ಕೆ ನಡೆಯುತ್ತದೆ.

ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಶರಾವತಿ ಕಣಿವೆಯ ಊರುಗಳು ನೀರಿನಡಿ ಹೋದವು. ಅದು ಇವ್ಯಾಕ್ಯುಯೇಷನ್ ಅಲ್ಲ. ನಮ್ಮ ಮಾತು ‘ಮುಳುಗಡೆ’, ಇಂಗ್ಲಿಷ್‌ನಲ್ಲಿ ‘ಡಿಸ್‌ಪ್ಲೇಸ್’. ಮರಳಿ ಹೋಗಲು ಊರೇ ಇಲ್ಲ. ಬರಕ್ಕೆ ಗುಳೆ ಹೋಗುವುದೂ ಅಲ್ಲ, ಅದು ‘ಮೈಗ್ರೇಟ್’.

ವಿಮಾನದಲ್ಲಿ ಈ ಪದ ಕೇಳಿಸಿದರೆ ಯೋಚನೆ ಮಾಡುತ್ತಾ ಕೂರಬೇಡಿ. ದೇವನಹಳ್ಳಿಯಲ್ಲಿ ಇಳಿದು ಬೆಲ್ಟ್ ಬಿಚ್ಚಿ, ಮೇಲಿನಿಂದ ಬ್ಯಾಗ್ ತೆಗೆದು, ಮುಂದಿನವರ ಬೆನ್ನು ನೋಡುತ್ತಾ ನಿಲ್ಲುವುದು ‘ಡೀಪ್ಲೇನ್’ ಅಥವಾ ‘ಡಿಸೆಂಬಾರ್ಕ್’. ಸಿಬ್ಬಂದಿ ‘ಇವ್ಯಾಕ್ಯುಯೇಟ್, ಇವ್ಯಾಕ್ಯುಯೇಟ್’ ಅಂತ ಕೂಗಿದರೆ ಬ್ಯಾಗು ಮುಟ್ಟದೆ ಜಾರುಬಂಡೆಯಲ್ಲಿ ಕೆಳಗೆ. 44ಕ್ಕಿಂತ ಜಾಸ್ತಿ ಸೀಟಿರುವ ವಿಮಾನ ಮಾಡುವವರು, ಅರ್ಧ ಬಾಗಿಲು ಮಾತ್ರ ತೆರೆದರೂ 90 ಸೆಕೆಂಡಿನಲ್ಲಿ ಎಲ್ಲರೂ ಹೊರಗೆ ಬರಬಹುದು ಅಂತ ತೋರಿಸಿಕೊಡಬೇಕು. 2024ರ ಜನವರಿ 2ರಂದು ಟೋಕಿಯೊದ ಹನೇದಾದಲ್ಲಿ ಇನ್ನೊಂದು ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿ ಉರಿದ ಜಪಾನ್ ಏರ್‌ಲೈನ್ಸ್ ವಿಮಾನದಿಂದ 379 ಜನರೂ ಜೀವಂತ ಹೊರಗೆ ಬಂದರು. ಆ ವಿಡಿಯೋ ನೋಡಿದರೆ ಈ ಪದದ ಅರ್ಥ ಮತ್ತೆ ಮರೆಯುವುದಿಲ್ಲ.

‘ಇವ್ಯಾಕ್ಯುಯೀ’ ಅನ್ನುವುದಕ್ಕೆ ನಮ್ಮ ದೇಶದ ಹಳೇ ಸರ್ಕಾರಿ ಕಾಗದಗಳಲ್ಲಿ ಬೇರೆಯೇ ಅರ್ಥ ಇದೆ. ದೇಶ ವಿಭಜನೆಯ ಗಲಭೆಯಲ್ಲಿ ಪಾಕಿಸ್ತಾನಕ್ಕೆ ಹೋದವರು ಇಲ್ಲಿ ಬಿಟ್ಟ ಮನೆ, ಜಮೀನು ‘ಇವ್ಯಾಕ್ಯುಯೀ ಪ್ರಾಪರ್ಟಿ’. ಅದನ್ನು ನೋಡಿಕೊಳ್ಳಲು 1950ರಲ್ಲಿ ಒಂದು ಕಾಯ್ದೆಯೇ ಬಂತು. ಹಳೇ ದಾಖಲೆ ಅನುವಾದ ಮಾಡುವಾಗ ಇದನ್ನು ‘ಸಂತ್ರಸ್ತರ ಆಸ್ತಿ’ ಅಂತ ಬರೆದರೆ ಅರ್ಥ ತಲೆಕೆಳಗು. ‘ಬಿಟ್ಟುಹೋದವರ ಆಸ್ತಿ’ ಅಂದರೆ ಆಯಿತು.

ಆಸ್ಪತ್ರೆ ಕಡೆ ಹೋಗೋಣ. ಇಂಗ್ಲಿಷ್‌ನಲ್ಲಿ ಈ ಪದ ಮೊದಲು ಹುಟ್ಟಿಕೊಂಡಿದ್ದೇ ವೈದ್ಯರ ಬಾಯಲ್ಲಿ. ಊರು, ಕೋಟೆ ಖಾಲಿ ಮಾಡುವ ಅರ್ಥ ಆಮೇಲೆ ಬಂತು. ‘ಇವ್ಯಾಕ್ಯುಯೇಟ್ ದ ಬವೆಲ್ಸ್’ ಅಂದರೆ ಹೊಟ್ಟೆ ಖಾಲಿ ಮಾಡುವುದು, ಬೆಂಗಳೂರಿನ ನರ್ಸ್ ಭಾಷೆಯಲ್ಲಿ ‘ಮೋಷನ್ ಆಯ್ತಾ?’. ಕೊಲೊನೊಸ್ಕೋಪಿಗೆ ಮುಂಚೆ ಕೊಡುವ ಹಾಳೆಯಲ್ಲಿ ಇದು ಇದ್ದೇ ಇರುತ್ತದೆ. ಆಯುರ್ವೇದದವರಿಗೆ ‘ವಿರೇಚನ’ ಅಂದರೆ ಹತ್ತಿರದ ಮಾತು. ತಲೆಗೆ ಪೆಟ್ಟು ಬಿದ್ದು ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಹೊರಗೆ ತೆಗೆಯುವುದು ‘ಹೆಮಟೋಮಾ ಇವ್ಯಾಕ್ಯುಯೇಷನ್’. ಆದರೆ ಪ್ರಯಾಣದ ಇನ್ಶೂರೆನ್ಸ್ ಪಾಲಿಸಿಯಲ್ಲಿ ‘ಮೆಡಿಕಲ್ ಇವ್ಯಾಕ್ಯುಯೇಷನ್’ ಕಂಡರೆ ಹೊಟ್ಟೆಗೆ ಸಂಬಂಧ ಇಲ್ಲ, ರೋಗಿಯನ್ನು ಸರಿಯಾದ ಚಿಕಿತ್ಸೆ ಸಿಗುವ ಆಸ್ಪತ್ರೆಗೆ ಸಾಗಿಸುವ ಖರ್ಚು ಅದು. ನನ್ನ ದೊಡ್ಡಮ್ಮ ಮಗನ ಹತ್ತಿರ ಅಮೆರಿಕಾಗೆ ಹೊರಟಾಗ ಪಾಲಿಸಿ ಓದಿಸಿಕೊಂಡು, ‘ಇದಕ್ಕೂ ಇನ್ಶೂರೆನ್ಸಾ? ಇಸಬಗೋಲು ಇಟ್ಕೊಂಡಿದೀನಲ್ಲೋ’ ಅಂದಿದ್ದು ನಮ್ಮ ಮನೆಯಲ್ಲಿ ಇವತ್ತಿಗೂ ನಗು.

ನಾನು ಮೊದಲ ಸಲ ಎಡವಿದ್ದು ಎಸಿ ಮ್ಯಾನ್ಯುಯಲ್‌ನಲ್ಲಿ. ‘ಇವ್ಯಾಕ್ಯುಯೇಟ್ ದ ಸಿಸ್ಟಮ್ ಬಿಫೋರ್ ಚಾರ್ಜಿಂಗ್’ ಅಂತಿತ್ತು. ಮಧ್ಯರಾತ್ರಿ, ನಿದ್ದೆಗಣ್ಣು, ‘ಚಾರ್ಜ್ ಮಾಡುವ ಮೊದಲು ವ್ಯವಸ್ಥೆಯನ್ನು ಸ್ಥಳಾಂತರಿಸಿ’ ಅಂತ ಬರೆದು ಕಳಿಸಿದೆ. ಎಸಿಯನ್ನು ಎಲ್ಲಿಗೆ ಸ್ಥಳಾಂತರಿಸುವುದು? ಆಮೇಲೆ ನಮ್ಮ ಮನೆಗೇ ಗ್ಯಾಸ್ ತುಂಬಲು ಮೆಕ್ಯಾನಿಕ್ ಬಂದ ದಿನ ಬುದ್ಧಿ ಬಂತು. ತಾಮ್ರದ ಪೈಪಿಗೆ ಒಂದು ಪಂಪು ಸಿಕ್ಕಿಸಿ, ಗೇಜಿನ ಮುಳ್ಳು ಸೊನ್ನೆಯ ಕೆಳಗೆ ಇಳಿಯುವುದನ್ನೇ ನೋಡುತ್ತಾ ಕೂತಿದ್ದ. ಏನು ಮಾಡ್ತಿದ್ದೀರಿ ಅಂದೆ. ‘ಗ್ಯಾಸ್ ಹಾಕೋ ಮುಂಚೆ ವ್ಯಾಕ್ಯೂಮ್ ಹೊಡಿಬೇಕು ಸಾರ್, ಒಳಗೆ ಗಾಳಿ, ತೇವ ಉಳಿದ್ರೆ ಕಂಪ್ರೆಸರ್ ಹೋಗುತ್ತೆ’ ಅಂದ. ವ್ಯಾಕ್ಯೂಮ್ ಹೊಡೆಯುವುದು! ಅನುವಾದ ನಮ್ಮ ಹಜಾರದಲ್ಲೇ ಕೂತಿತ್ತು.

ಅದೇ ಅರ್ಥದ ಇನ್ನೊಂದು ವಸ್ತು ನಿಮ್ಮ ತಾರಸಿ ಮೇಲೇ ಇರಬಹುದು. ಸೋಲಾರ್ ಹೀಟರ್ ಕೊಳ್ಳುವಾಗ ಅಂಗಡಿಯವನು ‘ಇಟಿಸಿ ಬೇಕಾ, ಎಫ್‌ಪಿಸಿ ಬೇಕಾ’ ಅಂತಾನಲ್ಲ, ಎಫ್‌ಪಿಸಿ ಚಪ್ಪಟೆ ಹಲಗೆಯದು, ಇಟಿಸಿ ಗಾಜಿನ ಕೊಳವೆಗಳದ್ದು. ಆ ಇಟಿಸಿಯ ‘ಇ’ ಅಂದರೆ ‘ಇವ್ಯಾಕ್ಯುಯೇಟೆಡ್’. ಗಾಜಿನ ಕೊಳವೆಗೆ ಎರಡು ಪದರ, ನಡುವಿನ ಗಾಳಿ ತೆಗೆದಿರುತ್ತಾರೆ, ಹಾಗಾಗಿ ಥರ್ಮಾಸ್ ಫ್ಲಾಸ್ಕಿನ ಹಾಗೆ ಬಿಸಿ ಹೊರಗೆ ಸೋರುವುದು ಕಡಿಮೆ. ಕೊಳವೆಯ ಒಂದು ತುದಿಯಲ್ಲಿ ಬೆಳ್ಳಿ ಬಳಿದ ಹಾಗೆ ಹೊಳೆಯುವ ಭಾಗ ಇರುತ್ತದೆ. ಅದು ಬೇರಿಯಂ ಲೇಪ. ಎಲ್ಲಾದರೂ ಬಿರುಕು ಬಿಟ್ಟು ಗಾಳಿ ನುಗ್ಗಿದರೆ ಆ ಹೊಳಪು ಹೋಗಿ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಬೆಳ್ಳಗಾದ ಕೊಳವೆ ಬದಲಾಯಿಸಿ, ಅದು ಈಗ ಇವ್ಯಾಕ್ಯುಯೇಟೆಡ್ ಅಲ್ಲ.

ಕರೆಂಟಿನವರದ್ದು ಇನ್ನೊಂದು ಬಳಕೆ, ‘ಪವರ್ ಇವ್ಯಾಕ್ಯುಯೇಷನ್’. ಇಂಡಿಯಾದ ಇಂಗ್ಲಿಷ್‌ನಲ್ಲಿ ಇದು ತುಂಬಾ ಓಡಾಡುತ್ತದೆ. ಪಾವಗಡದ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ಅಷ್ಟು ಕರೆಂಟು ಅಲ್ಲೇ ಉಳಿದರೆ ಯಾರಿಗೂ ಪ್ರಯೋಜನ ಇಲ್ಲ, ಸಬ್‌ಸ್ಟೇಷನ್ ಮೂಲಕ ದೊಡ್ಡ ಲೈನಿಗೆ ಹತ್ತಿಸಿ ಹೊರಗೆ ಸಾಗಿಸಬೇಕು. ಆ ಸಾಗಿಸುವುದೇ ಇವ್ಯಾಕ್ಯುಯೇಷನ್. ಗಣಿಯಿಂದ ಕಲ್ಲಿದ್ದಲು, ಬಂದರಿನಿಂದ ಕಂಟೇನರ್ ಹೊರಗೆ ಸಾಗಿಸುವುದಕ್ಕೂ ಇದೇ ಪದ. ಇಲ್ಲೆಲ್ಲ ‘ಸಾಗಣೆ’ ಅಂತ ಬರೆದು ಮುಂದೆ ಹೋಗಿ.

ಉಚ್ಚಾರಣೆ ಒಂದು ಮಾತಲ್ಲಿ: ‘ಎವಾಕುಯೇಟ್’ ಅಲ್ಲ, ‘ಇ-ವ್ಯಾ-ಕ್ಯು-ಏಟ್’, ಒತ್ತು ‘ವ್ಯಾ’ ಮೇಲೆ. ‘ಇವ್ಯಾಕ್ಯುಯೇಷನ್’ ಅಂದಾಗ ಒತ್ತು ‘ಏ’ಗೆ ಜಾರುತ್ತದೆ. ‘ಇವ್ಯಾಕ್ಯುಯೀ’ಯಲ್ಲಿ ಕೊನೆಯ ‘ಈ’ಗೆ.

ಕೊನೆಗೆ ಕಷ್ಟದ್ದು: ಇದನ್ನು ಕನ್ನಡದಲ್ಲಿ ಹೇಗೆ ಬರೆಯುವುದು? ಡಿಕ್ಷನರಿ ‘ತೆರವುಗೊಳಿಸು’ ಅನ್ನುತ್ತದೆ. ಒಳ್ಳೆ ಪದ, ತೆರೆ ಅನ್ನುವುದರ ನಂಟು, ಅಚ್ಚ ಕನ್ನಡ. ಆದರೆ ಬೆಂಗಳೂರಿನಲ್ಲಿ ಅದಕ್ಕೆ ಬೇರೆ ಬಣ್ಣ ಹತ್ತಿದೆ. ರಾಜಕಾಲುವೆ ಒತ್ತುವರಿ ತೆರವು, ಫುಟ್‌ಪಾತ್ ಅಂಗಡಿ ತೆರವು, ಪೇಪರಲ್ಲಿ ದಿನಾ ಓದುತ್ತೇವೆ. ನಾನು ಎರಡನೇ ಸಲ ಎಡವಿದ್ದು ಹೀಗೇ. ಹೊಸೂರು ರಸ್ತೆ ಕಡೆಯ ಒಂದು ಆಫೀಸಿಗೆ ‘ಸೈರನ್ ಕೇಳಿದ ತಕ್ಷಣ ಕಟ್ಟಡವನ್ನು ತೆರವುಗೊಳಿಸಿ’ ಅಂತ ಬೋರ್ಡ್ ಬರೆದುಕೊಟ್ಟೆ. ಗೋಡೆಗೆ ಹಾಕುವ ದಿನ ಅಲ್ಲಿ ಹೌಸ್‌ಕೀಪಿಂಗ್ ನೋಡಿಕೊಳ್ಳುವ ಅಕ್ಕ ಓದಿ, ‘ಯಾಕಣ್ಣ, ಜೆಸಿಬಿ ಬರ್ತದಾ? ಈ ಬಿಲ್ಡಿಂಗೂ ಕೆರೆ ಜಾಗದ್ದಾ?’ ಅಂದರು.

ಅವರು ತಮಾಷೆ ಮಾಡುತ್ತಿರಲಿಲ್ಲ. ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಬೆಂಕಿ ಬಿದ್ದಾಗ 9 ಜನ ಸತ್ತರು, ಹೊಗೆ ತಾಳಲಾರದೆ ಮೇಲಿನಿಂದ ಹಾರಿದವರೂ ಇದ್ದರು. ಅಂಥ ಹೊಗೆಯಲ್ಲಿ ನಿಂತವರಿಗೆ ‘ತೆರವುಗೊಳಿಸಿ’ ಅನ್ನುವ ಪದ ಯಾವ ಸಹಾಯಕ್ಕೂ ಬರುವುದಿಲ್ಲ. ಕಾಲಿಗೆ ಏನು ಹೇಳಬೇಕೋ ಅದನ್ನೇ ಬರೆಯಬೇಕು. ಹಾಗಾಗಿ ನನ್ನ ಪದ್ಧತಿ ಈಗ ಹೀಗಿದೆ: ಸುದ್ದಿಗೆ ‘ಜನರನ್ನು ಸುರಕ್ಷಿತ ಜಾಗಕ್ಕೆ ಕರೆದೊಯ್ದರು’, ಸರ್ಕಾರಿ ಪತ್ರಕ್ಕೆ ‘ಸ್ಥಳಾಂತರ’, ಬೋರ್ಡಿಗೆ ಮಾತ್ರ ಪದವೇ ಬೇಡ, ಕೆಲಸ ಹೇಳಿ. ಡ್ರಿಲ್ ದಿನ ಕೂಡಿಸಿ ಎಣಿಸುವ ‘ಅಸೆಂಬ್ಲಿ ಪಾಯಿಂಟ್’ ಕೂಡ ಅದೇ ಹೆಸರಲ್ಲಿ ಇರಲಿ, ಎಲ್ಲರಿಗೂ ಗೊತ್ತಿರುವುದು ಅದೇ. ಅದನ್ನು ‘ಸಮಾವೇಶ ಸ್ಥಳ’ ಅಂತ ಮಾಡಿದರೆ ಜನ ಶಾಮಿಯಾನ ಹುಡುಕುತ್ತಾರೆ.

ಆ ಆಫೀಸಿನ ಗೋಡೆಯಲ್ಲಿ ಈಗ ಇರುವುದು ಇಷ್ಟು: ‘ಸೈರನ್ ಕೇಳಿದರೆ ತಕ್ಷಣ ಹೊರಗೆ ಬನ್ನಿ. ಲಿಫ್ಟ್ ಬೇಡ, ಮೆಟ್ಟಿಲು ಇಳಿಯಿರಿ. ಗೇಟಿನ ಹತ್ತಿರ ಹಸಿರು ಬೋರ್ಡಿನ ಕೆಳಗೆ ನಿಲ್ಲಿ. ಬ್ಯಾಗು, ಟಿಫಿನ್ ಬಾಕ್ಸು ಅಲ್ಲೇ ಬಿಡಿ.’ ಟಿಫಿನ್ ಬಾಕ್ಸು ಸೇರಿಸಿ ಅಂದಿದ್ದು ಆ ಅಕ್ಕನೇ.